ಮೂರನೆಯ ಸಲ ಪಾಸಾದವರು: ಡಾ. ಯೆಲ್ಲಾಪ್ರಗಡ ಸುಬ್ಬರಾವ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಫೋನ್ ಮಾಡಿದ್ದರು. ಕಂಪ್ಯೂಟರ್ ಬಗ್ಗೆ ಬರೆದರೆ ಮಕ್ಕಳಿಗೆ ಉಪಯೋಗವಾಗುತ್ತದೆ ಎಂದೂ ಹೇಳಿದರು. ಇಂಜಿನಿಯರ್ ಆದವನಿಂದ ಅದನ್ನು ಕೇಳುವುದು ಸಹಜವೇ. ಆದರೆ ನನ್ನ ಮನಸ್ಸಿನಲ್ಲಿ ಇದ್ದದ್ದು ಬೇರೆ ವಿಷಯ. ಕಳೆದ ವರ್ಷ, 34ನೆಯ ವಯಸ್ಸಿನಲ್ಲಿ, ನಾನು ಒಂದು ಪರೀಕ್ಷೆಯಲ್ಲಿ ಫೇಲಾದೆ. ಆಗ ನನಗೆ ಧೈರ್ಯ ಕೊಟ್ಟವರು 1948ರಲ್ಲೇ ತೀರಿಹೋದ ಒಬ್ಬ ವಿಜ್ಞಾನಿ. ಅವರ ಬದುಕನ್ನು ನನಗೆ ತಿಳಿದಷ್ಟು ಇಲ್ಲಿ ಹೇಳುತ್ತೇನೆ.

ಮೊದಲು ನನ್ನ ಪರೀಕ್ಷೆಯ ಸಂಗತಿ. ಆಸ್ಪತ್ರೆಗಳ ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ ಮಾಡುವ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಯಂತ್ರ ಏನು ಅಳೆಯುತ್ತದೆ ಎಂಬುದೇ ಗೊತ್ತಿಲ್ಲದೆ ಹತ್ತು ವರ್ಷ ಕೋಡ್ ಬರೆದಿದ್ದೆ. ಆ ಕೊರತೆ ನೀಗಿಸಿಕೊಳ್ಳಲು ಕೆಲಸದ ಜೊತೆಗೇ ಎಂ.ಟೆಕ್.ಗೆ ಸೇರಿಕೊಂಡೆ. ಪಿಯುಸಿಯಲ್ಲಿ ಜೀವಶಾಸ್ತ್ರ ಓದದ ನನ್ನಂಥವರು ಉನ್ನತ ಜೀವರಸಾಯನಶಾಸ್ತ್ರದ ಒಂದು ಪತ್ರಿಕೆಯನ್ನು ತಾವೇ ಓದಿಕೊಂಡು ಬರೆಯಬೇಕಿತ್ತು. ತರಗತಿ ಇಲ್ಲ, ಪಾಠ ಹೇಳುವವರಿಲ್ಲ. ಪಾಸಾದರೆ 4 ಕ್ರೆಡಿಟ್, ಇಲ್ಲದಿದ್ದರೆ ಮುಂದಿನ ವರ್ಷಕ್ಕೆ ಹೋಗುವಂತಿಲ್ಲ. ನಾಲ್ಕು ತಿಂಗಳು ರಾತ್ರಿ ಹತ್ತರ ಮೇಲೆ ಕುಳಿತು ಓದಿದೆ. 40 ಬೇಕಿತ್ತು, 34 ಬಂತು.

ಆ ದಪ್ಪ ಪುಸ್ತಕದಲ್ಲಿ ಒಂದು ಹೆಸರನ್ನು ನಾನು ಮೊದಲ ಸಲ ಓದುವಾಗ ದಾಟಿಕೊಂಡು ಹೋಗಿದ್ದೆ. ಫಿಸ್ಕ್ ಮತ್ತು ಸುಬ್ಬರಾವ್ ವಿಧಾನ ಎಂದಿತ್ತು. ಎರಡನೆಯ ಸಲ ಓದುವಾಗ ಈ ಸುಬ್ಬರಾವ್ ಯಾರು ಎಂದು ಹುಡುಕಿದೆ.

ಯೆಲ್ಲಾಪ್ರಗಡ ಸುಬ್ಬರಾವ್ ಅವರು ಹುಟ್ಟಿದ್ದು 1895ರ ಜನವರಿ 12ರಂದು, ಗೋದಾವರಿ ಸೀಮೆಯ ಭೀಮವರಂನಲ್ಲಿ. ಅದು ಆಗ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಮನೆ ತುಂಬ ಮಕ್ಕಳು, ಕೈಯಲ್ಲಿ ದುಡ್ಡಿಲ್ಲ. ಹುಡುಗನಿಗೆ ಓದಿನಲ್ಲಿ ಮನಸ್ಸಿರಲಿಲ್ಲ. ಹದಿಮೂರರ ವಯಸ್ಸಿನಲ್ಲಿ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸುತ್ತೇನೆಂದು ಮನೆ ಬಿಟ್ಟು ಓಡಿದ್ದರೆಂದೂ, ತಾಯಿ ಅವರನ್ನು ಹಿಡಿದು ತರಿಸಿ ಮತ್ತೆ ಶಾಲೆಗೆ ಕಳಿಸಿದರೆಂದೂ ಅವರ ಜೀವನ ಬರೆದವರು ಹೇಳುತ್ತಾರೆ. ತಂದೆ ಬೇಗ ತೀರಿಕೊಂಡರು. ತಾಯಿ ತನ್ನ ಒಡವೆ ಮಾರಿ ಮಗನ ಓದನ್ನು ನಡೆಸಿದರು.

ಅಷ್ಟಾದರೂ ಹುಡುಗ ಮೆಟ್ರಿಕ್ಯುಲೇಷನ್‌ನಲ್ಲಿ ಫೇಲಾದ. ಮತ್ತೆ ಬರೆದ, ಮತ್ತೆ ಫೇಲಾದ. ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ ಮೂರನೆಯ ಸಲ ಬರೆದಾಗ ಪಾಸಾದ. ಇದನ್ನು ಓದಿದ ರಾತ್ರಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಎರಡು ಸಲ ಬಿದ್ದವನ ಮುಂದೆ ನನ್ನ ಒಂದು ಸೋಲು ಏನೂ ಅಲ್ಲ ಅನ್ನಿಸಿತು. ಅದರ ಜೊತೆಗೇ ನನ್ನ ಹೈಸ್ಕೂಲಿನ ಗೆಳೆಯನೊಬ್ಬ ನೆನಪಾದ. ಅವನ ವಿಷಯ ಕೊನೆಗೆ ಹೇಳುತ್ತೇನೆ.

ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿದ ಸುಬ್ಬರಾವ್ ಅವರಿಗೆ ರಾಮಕೃಷ್ಣ ಮಿಷನ್ ಸೇರಿ ಸನ್ಯಾಸಿಯಾಗುವ ಆಸೆಯಿತ್ತು. ತಾಯಿ ಒಪ್ಪಲಿಲ್ಲ. ಕೊನೆಗೆ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಸ್ನೇಹಿತರ ಮತ್ತು ಮುಂದೆ ಮಾವನಾದ ಕಸ್ತೂರಿ ಸೂರ್ಯನಾರಾಯಣ ಮೂರ್ತಿಯವರ ಹಣದ ನೆರವಿನಿಂದ ಓದು ಸಾಗಿತು. ಆಗ ಗಾಂಧೀಜಿಯವರ ಕರೆ ದೇಶದಲ್ಲೆಲ್ಲ ಕೇಳುತ್ತಿದ್ದ ಕಾಲ. ಸುಬ್ಬರಾವ್ ಅವರು ಶಸ್ತ್ರಚಿಕಿತ್ಸೆಯ ಕೋಣೆಗೂ ಖಾದಿಯ ನಿಲುವಂಗಿ ತೊಟ್ಟು ಹೋದರು. ಇಂಗ್ಲಿಷ್ ಪ್ರೊಫೆಸರರಿಗೆ ಅದು ಹಿಡಿಸಲಿಲ್ಲ. ಉಳಿದ ವಿಷಯಗಳಲ್ಲಿ ಚೆನ್ನಾಗಿ ಬರೆದಿದ್ದರೂ ಅವರ ಕೈಗೆ ಬಂದದ್ದು ಪೂರ್ಣ ಎಂ.ಬಿ.ಬಿ.ಎಸ್. ಪದವಿಯಲ್ಲ, ಅದಕ್ಕಿಂತ ಕೆಳಗಿನ ಎಲ್‌.ಎಂ.ಎಸ್. ಪ್ರಮಾಣಪತ್ರ. ಆ ಒಂದು ಕಾಗದದಿಂದಾಗಿ ಅವರು ಹಲವು ವರ್ಷ ಕಷ್ಟಪಡಬೇಕಾಯಿತು. ಸರ್ಕಾರಿ ವೈದ್ಯಕೀಯ ಸೇವೆಯಲ್ಲಿ ಕೆಲಸ ಸಿಗಲಿಲ್ಲ. ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಪಾಠ ಹೇಳಿಕೊಂಡಿದ್ದರು.

ಆ ವರ್ಷಗಳಲ್ಲಿ ಅವರ ಇಬ್ಬರು ಸಹೋದರರು ಸ್ಪ್ರೂ ಎಂಬ ಕಾಯಿಲೆಯಿಂದ ಹತ್ತಿರ ಹತ್ತಿರದ ದಿನಗಳಲ್ಲೇ ತೀರಿಕೊಂಡರು. ಉಂಡ ಅನ್ನ ಮೈಗೆ ಹತ್ತದೆ, ಭೇದಿಯಾಗಿ, ರಕ್ತ ಕಡಿಮೆಯಾಗಿ ಮನುಷ್ಯ ಸೊರಗಿಹೋಗುವ ಕಾಯಿಲೆ ಅದು. ಆಗ ಅದಕ್ಕೆ ಸರಿಯಾದ ಔಷಧ ಗೊತ್ತಿರಲಿಲ್ಲ.

1920ರ ದಶಕದ ಆರಂಭದಲ್ಲಿ, ಮಾವನ ಹಾಗೂ ಕಾಕಿನಾಡದ ಒಂದು ಧರ್ಮನಿಧಿಯ ನೆರವಿನಿಂದ, ಅವರು ಅಮೆರಿಕದ ಬೋಸ್ಟನ್ ನಗರಕ್ಕೆ ಹೋದರು. ಹಾರ್ವರ್ಡ್‌ನಲ್ಲಿ ಉಷ್ಣವಲಯದ ಕಾಯಿಲೆಗಳ ಡಿಪ್ಲೊಮಾಗೆ ಸೇರಿದರು. ಎಲ್‌.ಎಂ.ಎಸ್. ಇಟ್ಟುಕೊಂಡು ಅಲ್ಲಿ ಡಾಕ್ಟರಾಗಿ ದುಡಿಯುವುದು ಆಗಲಿಲ್ಲ. ಹಾಗಾಗಿ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ಆಳಾಗಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆದರು, ಹಗಲು ಓದಿದರು. ಊರಿನಲ್ಲಿ ಡಾಕ್ಟರೆನಿಸಿಕೊಂಡವರು ಈ ಕೆಲಸ ಮಾಡಿದರು.

ಡಿಪ್ಲೊಮಾ ಮುಗಿದ ಮೇಲೆ ಹಾರ್ವರ್ಡ್ ವೈದ್ಯಕೀಯ ಶಾಲೆಯ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕ್ ಅವರ ಕೈಕೆಳಗೆ ಸಂಶೋಧನೆಗೆ ನಿಂತರು. 1925ರಲ್ಲಿ ಇಬ್ಬರೂ ಸೇರಿ ರಕ್ತ ಮತ್ತು ಮೂತ್ರದಲ್ಲಿರುವ ರಂಜಕವನ್ನು ಅಳೆಯುವ ವಿಧಾನ ಪ್ರಕಟಿಸಿದರು. ನಾವು ಹೈಸ್ಕೂಲಿನಲ್ಲಿ ಫಾಸ್ಫರಸ್ ಎಂದು ಓದಿದ್ದೇ ಇದು. ಮಾದರಿಗೆ ಆಮ್ಲದ ಜೊತೆ ಮಾಲಿಬ್ಡೇಟ್ ಎಂಬ ಲವಣ ಹಾಕಿ, ಮತ್ತೊಂದು ರಾಸಾಯನಿಕ ಸೇರಿಸಿದರೆ ದ್ರವ ನೀಲಿಯಾಗುತ್ತದೆ. ರಂಜಕ ಹೆಚ್ಚಿದ್ದಷ್ಟೂ ನೀಲಿ ಗಾಢ. ಆ ಬಣ್ಣವನ್ನು ಅಳೆದರೆ ರಂಜಕ ಎಷ್ಟಿದೆ ಎಂದು ಗೊತ್ತಾಗುತ್ತದೆ. ಬಣ್ಣದ ಗಾಢತೆಯಿಂದ ಪ್ರಮಾಣ ಲೆಕ್ಕ ಹಾಕುವ ಕೋಡನ್ನೇ ನಾನು ಇಷ್ಟು ವರ್ಷ ಬರೆಯುತ್ತಿದ್ದದ್ದು! ಅದರ ಹಿಂದೆ ರಾತ್ರಿ ಪಾಳಿ ಮಾಡಿದ ಒಬ್ಬ ತೆಲುಗು ಮನುಷ್ಯನ ಶ್ರಮವಿದೆ ಎಂದು ನನಗೆ ಗೊತ್ತಿರಲಿಲ್ಲ.

ಈ ಅಳತೆ ಕೈಗೆ ಬಂದ ಮೇಲೆ ದೊಡ್ಡ ಸಂಶೋಧನೆಗಳು ಬಂದವು. 1927ರಲ್ಲಿ ಸ್ನಾಯುವಿನಲ್ಲಿ ಫಾಸ್ಫೋಕ್ರಿಯೇಟಿನ್ ಎಂಬ ವಸ್ತುವನ್ನು, 1929ರಲ್ಲಿ ಎಟಿಪಿಯನ್ನು ಅವರಿಬ್ಬರೂ ಗುರುತಿಸಿದರು. ಅದೇ ವರ್ಷ ಜರ್ಮನಿಯಲ್ಲಿ ಲೋಮನ್ ಎಂಬುವರೂ ಬೇರೆಯಾಗಿ ಎಟಿಪಿಯನ್ನು ಕಂಡುಹಿಡಿದರು. ಎಟಿಪಿ ಎಂದರೇನೆಂದು ನಮ್ಮೂರಿನ ಭಾಷೆಯಲ್ಲಿ ಹೇಳುತ್ತೇನೆ. ಹಗೇವಿನಲ್ಲಿ ಜೋಳ ತುಂಬಿದ್ದರೂ ಕಿರಾಣಿ ಅಂಗಡಿಯವನು ಜೋಳ ತೆಗೆದುಕೊಂಡು ಸಾಮಾನು ಕೊಡುವುದಿಲ್ಲ. ಜೋಳ ಮಾರಿ ಕೈಯಲ್ಲಿ ರೊಕ್ಕ ಇಟ್ಟುಕೊಳ್ಳಬೇಕು. ನಾವು ತಿಂದ ರೊಟ್ಟಿ, ಮೈಯಲ್ಲಿರುವ ಕೊಬ್ಬು ಹಗೇವಿನ ಜೋಳವಿದ್ದಂತೆ. ಎಟಿಪಿ ಕೈಯಲ್ಲಿರುವ ರೊಕ್ಕ. ಕೈ ಎತ್ತಲು, ಉಸಿರಾಡಲು, ಯೋಚಿಸಲು ಜೀವಕೋಶ ಖರ್ಚು ಮಾಡುವುದು ಅದನ್ನೇ. ಫಾಸ್ಫೋಕ್ರಿಯೇಟಿನ್ ಎಂಬುದು ರೊಕ್ಕ ಮುಗಿದಾಗ ಪಕ್ಕದ ಮನೆಯಲ್ಲಿ ತಕ್ಷಣ ಸಿಗುವ ಕೈಗಡ. ಇದನ್ನು ಹೀಗೆ ಅರ್ಥ ಮಾಡಿಕೊಂಡ ಮೇಲೆಯೇ ಆ ಅಧ್ಯಾಯ ನನ್ನ ತಲೆಗೆ ಹತ್ತಿತು. ಮೊದಲ ಸಲ ಬರೀ ಉರು ಹೊಡೆದಿದ್ದೆ.

1930ರಲ್ಲಿ ಹಾರ್ವರ್ಡ್ ಅವರಿಗೆ ಪಿಎಚ್.ಡಿ. ಕೊಟ್ಟಿತು. ಆದರೆ ಕಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಔಷಧ ಪ್ರಯೋಗಾಲಯಕ್ಕೆ ಸೇರಿ, ಅಲ್ಲಿನ ಸಂಶೋಧನಾ ವಿಭಾಗದ ನಿರ್ದೇಶಕರಾದರು. ಮುಂದಿನ ಎಂಟು ವರ್ಷಗಳಲ್ಲಿ ಅವರ ತಂಡ ಮಾಡಿದ ಕೆಲಸವನ್ನು ಈ ಊರಿನ ಪ್ರತಿ ಮನೆಯೂ ಉಪಯೋಗಿಸಿದೆ ಎಂದರೆ ನೀವು ನಂಬಲಿಕ್ಕಿಲ್ಲ.

ಮೊದಲನೆಯದು ಫೋಲಿಕ್ ಆಮ್ಲ. ಮುಂಬಯಿಯ ಬಸುರಿ ಹೆಂಗಸರ ರಕ್ತಹೀನತೆಯನ್ನು ಯೀಸ್ಟ್‌ನಲ್ಲಿರುವ ಯಾವುದೋ ಅಂಶ ವಾಸಿ ಮಾಡುತ್ತದೆ ಎಂದು ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅದಕ್ಕೂ ಮುಂಚೆ ತೋರಿಸಿದ್ದರು. ಲೆಡರ್ಲೆಯ ತಂಡ 1945ರಲ್ಲಿ ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲೇ ತಯಾರಿಸಿತು. ಆಶಾ ಕಾರ್ಯಕರ್ತೆಯರು ಬಸುರಿಯರಿಗೆ ಕೊಡುವ, ಶಾಲೆಯಲ್ಲಿ ವಾರಕ್ಕೊಂದರಂತೆ ಕೊಡುವ ಕಬ್ಬಿಣಾಂಶದ ಗುಳಿಗೆಯಲ್ಲಿ ಇದೇ ಫೋಲಿಕ್ ಆಮ್ಲವಿದೆ. ಸ್ಪ್ರೂ ಕಾಯಿಲೆಗೂ ಇದು ಔಷಧವಾಯಿತು. ಅವರ ಸಹೋದರರಿಗೆ ಸಿಗದ ಔಷಧ ಹೀಗೆ ಅವರ ಪ್ರಯೋಗಾಲಯದಲ್ಲೇ ತಯಾರಾಯಿತು.

ಎರಡನೆಯದು ಆನೆಕಾಲು ರೋಗದ ಡಿಇಸಿ ಗುಳಿಗೆ. ಅದು ಬಂದದ್ದು 1947ರಲ್ಲಿ. ನಮ್ಮ ಕಲಬುರಗಿ ಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು ಎದುರಿಗೇ ನುಂಗಿಸಿ ಹೋಗುತ್ತಿದ್ದರಲ್ಲ, ಅದೇ ಗುಳಿಗೆ. ನಾವು ಕೆಲವರು ಅದನ್ನು ನಾಲಿಗೆ ಕೆಳಗೆ ಇಟ್ಟುಕೊಂಡು ಆಮೇಲೆ ಉಗುಳಿದ್ದೂ ಉಂಟು. ಈಗ ಕ್ಷಮೆ ಕೇಳುತ್ತೇನೆ.

ಮೂರನೆಯದು ಮಣ್ಣಿನ ಸೂಕ್ಷ್ಮಜೀವಿಯಿಂದ ತೆಗೆದ ಆರಿಯೋಮೈಸಿನ್. ಬೆಂಜಮಿನ್ ಡಗ್ಗರ್ ಅವರು ಕಂಡುಹಿಡಿದ ಇದು ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಔಷಧ. 1948ರಲ್ಲಿ ಬಳಕೆಗೆ ಬಂತು.

ನಾಲ್ಕನೆಯದು ನಮ್ಮ ಮನೆಯ ಮಾತು. ನಮ್ಮವ್ವನಿಗೆ ಆರು ವರ್ಷದಿಂದ ಸಂಧಿವಾತ. ಡಾಕ್ಟರು ವಾರಕ್ಕೆ ಒಂದೇ ದಿನ ಒಂದು ಗುಳಿಗೆ, ಬೇರೆ ದಿನ ಇನ್ನೊಂದು ಗುಳಿಗೆ ಬರೆದುಕೊಟ್ಟಿದ್ದಾರೆ. ಒಂದು ಮೆಥೊಟ್ರೆಕ್ಸೇಟ್, ಇನ್ನೊಂದು ಫೋಲಿಕ್ ಆಮ್ಲ. ಡಬ್ಬಿಗೆ ವಾರದ ಹೆಸರು ಬರೆದು ಅಂಟಿಸಿದವನು ನಾನೇ, ಆದರೆ ಯಾಕೆ ಹೀಗೆ ಎಂದು ಎಂದೂ ಕೇಳಿರಲಿಲ್ಲ. ಪರೀಕ್ಷೆಗೆ ಓದುವಾಗ ತಿಳಿಯಿತು. ಜೀವಕೋಶ ಬೆಳೆದು ಎರಡಾಗಲು ಫೋಲಿಕ್ ಆಮ್ಲ ಬೇಕು. ಸುಬ್ಬರಾವ್ ಅವರ ತಂಡ ಅದನ್ನೇ ಹೋಲುವ, ಆದರೆ ಕೆಲಸ ಮಾಡದ ವಸ್ತುಗಳನ್ನು ತಯಾರಿಸಿತು. ಕಳ್ಳ ಕೀಲಿಕೈ ಬೀಗದೊಳಗೆ ಸಿಕ್ಕಿಕೊಂಡು ನಿಜವಾದ ಕೀಲಿಕೈಗೆ ಜಾಗ ಬಿಡದಂತೆ ಅವು ಕೋಶದ ಬೆಳವಣಿಗೆಯನ್ನು ತಡೆಯುತ್ತವೆ. ಬೋಸ್ಟನ್‌ನ ಮಕ್ಕಳ ವೈದ್ಯ ಸಿಡ್ನಿ ಫಾರ್ಬರ್ ಅವರು ಅಂಥ ಒಂದು ವಸ್ತುವನ್ನು ರಕ್ತದ ಕ್ಯಾನ್ಸರ್ ಇದ್ದ 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳು ಸ್ವಲ್ಪ ಕಾಲ ಚೇತರಿಸಿಕೊಂಡರು. 1948ರ ಜೂನ್‌ನಲ್ಲಿ ಆ ವರದಿ ಪ್ರಕಟವಾಯಿತು. ಅಲ್ಲಿಯವರೆಗೆ ಆ ಕಾಯಿಲೆಯ ಮಕ್ಕಳಿಗೆ ಅಷ್ಟು ಆಸೆಯೂ ಇರಲಿಲ್ಲ. ಅದೇ ಬಗೆಯ ಮೆಥೊಟ್ರೆಕ್ಸೇಟ್ ಇಂದಿಗೂ ಕ್ಯಾನ್ಸರಿಗೆ, ಕಡಿಮೆ ಪ್ರಮಾಣದಲ್ಲಿ ಸಂಧಿವಾತಕ್ಕೆ ಬಳಕೆಯಲ್ಲಿದೆ. ಅವ್ವನ ಡಬ್ಬಿಯ ಎರಡು ಗುಳಿಗೆಗಳೂ ಒಬ್ಬರದೇ ಪ್ರಯೋಗಾಲಯದ ಫಲ ಎಂದು ಆಕೆಗೆ ಹೇಳಿದೆ. ಆ ಪುಣ್ಯಾತ್ಮನಿಗೆ ಎಷ್ಟು ಮಕ್ಕಳು ಎಂದು ಕೇಳಿದಳು.

ಅದಕ್ಕೆ ಕೊಡಲು ಸಂತೋಷದ ಉತ್ತರವಿರಲಿಲ್ಲ. ಸುಬ್ಬರಾವ್ ಅವರು ಭಾರತಕ್ಕೆ ಮರಳಲೇ ಇಲ್ಲ. ಹೆಂಡತಿ ಶೇಷಗಿರಿಯವರು ಗಂಡನನ್ನು ಮತ್ತೆ ನೋಡಲಿಲ್ಲ. ಆ ತಾಯಿಯ ಕಾಯುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಅವರನ್ನು ಬರೀ ಹೊಗಳಿದರೆ ಸರಿಯಾಗುವುದಿಲ್ಲ. 1948ರ ಆಗಸ್ಟ್‌ನಲ್ಲಿ, 53ನೆಯ ವಯಸ್ಸಿನಲ್ಲಿ, ನಿದ್ದೆಯಲ್ಲೇ ಹೃದಯಾಘಾತದಿಂದ ಅವರು ತೀರಿಕೊಂಡರು. ನೊಬೆಲ್ ಬರಲಿಲ್ಲ. 1953ರಲ್ಲಿ ಒಂದು ಶಿಲೀಂಧ್ರಕ್ಕೆ ಅವರ ಹೆಸರಿಟ್ಟರು. 1995ರಲ್ಲಿ, ಜನ್ಮಶತಮಾನೋತ್ಸವಕ್ಕೆ, ಭಾರತ ಸರ್ಕಾರ ಅಂಚೆಚೀಟಿ ತಂದಿತು.

ಈಗ ನನ್ನ ಗೆಳೆಯನ ವಿಷಯ. 2006ರ ಎಸ್‌.ಎಸ್‌.ಎಲ್‌.ಸಿ.ಯಲ್ಲಿ ವಿಜ್ಞಾನಕ್ಕೆ ನನಗೆ 41 ಬಂತು, ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಅವನಿಗೆ 29. ಇಬ್ಬರೂ ಒಂದೇ ಗೈಡ್ ಓದಿದ್ದೆವು. ಜೂನ್‌ನಲ್ಲಿ ಪೂರಕ ಪರೀಕ್ಷೆ ಇದೆ ಎಂದು ವಿಜ್ಞಾನದ ಸರ್ ನನಗೆ ಹೇಳಿ, ಅವನಿಗೂ ತಿಳಿಸಲು ಹೇಳಿದ್ದರು. ನಾನು ಪಾಸಾದ ಸಂತೋಷದಲ್ಲಿ ಮರೆತೆ. ನೆನಪಾಗಿ ಅವನ ಮನೆಗೆ ಹೋಗುವಷ್ಟರಲ್ಲಿ ಅವನು ಕಟ್ಟಡ ಕೆಲಸಕ್ಕೆ ಪುಣೆಗೆ ಹೋಗಿದ್ದ, ಅರ್ಜಿ ತುಂಬುವ ದಿನವೂ ಮುಗಿದಿತ್ತು. ಇದನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಹೋದ ವರ್ಷ ಜಾತ್ರೆಯಲ್ಲಿ ಅವನಿಗೇ ಹೇಳಿದೆ. ಅವನು ನಕ್ಕ, ಹೆಗಲ ಮೇಲೆ ಕೈ ಹಾಕಿ ಚಹಾ ಕುಡಿಸಿದ. ಅವನ ಮಗಳು ಈಗ ನಮ್ಮ ಶಾಲೆಯಲ್ಲೇ ಒಂಬತ್ತನೆಯ ತರಗತಿ. ವಿಜ್ಞಾನ ಕಷ್ಟವಂತೆ, ಸ್ವಲ್ಪ ನೋಡು ಎಂದ. ಅಷ್ಟೇ.

ನಾನು ನನ್ನ ಪರೀಕ್ಷೆಯನ್ನು ಎರಡನೆಯ ಸಲ ಬರೆದು 52 ಅಂಕದಲ್ಲಿ ಪಾಸಾದೆ. ನನಗೆ ಸಂಬಳವಿತ್ತು, ಇಂಟರ್‌ನೆಟ್ ಇತ್ತು, ಮತ್ತೆ ಬರೆಯುವ ದಾರಿ ಗೊತ್ತಿತ್ತು. ಹತ್ತನೆಯ ತರಗತಿಯಲ್ಲಿ ಬಿದ್ದ ಮಗುವಿಗೆ ಇವು ಯಾವುವೂ ಇರುವುದಿಲ್ಲ. ಹೆಸರು ನೋಟಿಸ್ ಬೋರ್ಡಿನಲ್ಲಿ ಇಲ್ಲವೆಂದಾದ ಕೂಡಲೇ ಮನೆಯವರು ಕೆಲಸಕ್ಕೆ ಕಳಿಸುತ್ತಾರೆ, ಇಲ್ಲವೆ ಮದುವೆ ಮಾಡುತ್ತಾರೆ. ಅದೇ ವರ್ಷ ಮತ್ತೆ ಬರೆಯಲು ಅವಕಾಶವಿದೆ ಎಂಬುದು ಎಷ್ಟೋ ಮನೆಗಳಿಗೆ ತಲುಪುವುದೇ ಇಲ್ಲ.

ಆದ್ದರಿಂದ ನಾವು 2006ರ ತಂಡದ ಏಳು ಜನ ಸೇರಿ ಒಂದು ಸಣ್ಣ ಏರ್ಪಾಡು ಮಾಡಿದ್ದೇವೆ. ಫೇಲಾದ ಮಕ್ಕಳ ಮರುಪರೀಕ್ಷೆಯ ಶುಲ್ಕವನ್ನು ನಾವು ಕಟ್ಟುತ್ತೇವೆ. ಫಲಿತಾಂಶ ಬಂದ ವಾರದಿಂದ ಪರೀಕ್ಷೆಯವರೆಗೆ ಸಂಜೆ ಶಾಲೆಯ ಒಂದು ಕೋಣೆಯಲ್ಲಿ ಗಣಿತ, ವಿಜ್ಞಾನದ ಪಾಠ ನಡೆಯುತ್ತದೆ. ಮುಖ್ಯಗುರುಗಳು ಒಪ್ಪಿದ್ದಾರೆ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ತಾಂಡಾದಲ್ಲಿ ಅಂಥ ಮಕ್ಕಳಿದ್ದರೆ ದಯವಿಟ್ಟು ಮೊದಲು ಶಾಲೆಗೆ ಬಂದು ಹೇಳಿ. ಪುಣೆಗೆ, ಮುಂಬಯಿಗೆ ಟಿಕೆಟ್ ತೆಗೆಯುವುದು ಆಮೇಲೆ ಇರಲಿ.



(ಲೇಖಕರು: 2005-06ನೇ ಸಾಲಿನ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು)