ಸುರಂಜನ್ ದಾಸ್: ರಸ್ತೆಯ ಹೆಸರಲ್ಲಿ ಉಳಿದ ಪರೀಕ್ಷಾ ಪೈಲಟ್

ಹೊಸೂರಿನಿಂದ ರೈಲು ಹತ್ತಿ ಬೈಯಪ್ಪನಹಳ್ಳಿಯಲ್ಲಿ ಇಳಿದು ಹೆಚ್.ಎ.ಎಲ್. ಕಡೆಗೆ ಹೋಗುವವರಿಗೆ ಒಂದು ರಸ್ತೆ ಸಿಗುತ್ತದೆ. ಹಳೆ ಮದ್ರಾಸು ರಸ್ತೆಯನ್ನು ಹಳೆ ವಿಮಾನ ನಿಲ್ದಾಣ ರಸ್ತೆಗೆ ಜೋಡಿಸುವ ಈ ರಸ್ತೆಯ ಹೆಸರು ಸುರಂಜನ್ ದಾಸ್ ರಸ್ತೆ. ಬೋರ್ಡು ಓದುವವರು ಬಹಳ ಮಂದಿ. ಆದರೆ ಈ ದಾಸ್ ಯಾರು ಎಂದು ಕೇಳಿದರೆ ಹೇಳುವವರು ಕಡಿಮೆ. ರಾಜಕಾರಣಿಯೂ ಅಲ್ಲ, ಸಾಹಿತಿಯೂ ಅಲ್ಲ. ಇನ್ನೂ ಯಾರೂ ಹಾರಿಸದ ವಿಮಾನವನ್ನು ಮೊದಲು ತಾನು ಹಾರಿಸಿ, ಅದು ಮನುಷ್ಯನ ಕೈಗೆ ಒಗ್ಗುತ್ತದೆಯೋ ಇಲ್ಲವೋ ಎಂದು ನೋಡಿ ಹೇಳುವುದು ಅವರ ಉದ್ಯೋಗವಾಗಿತ್ತು.

ಸುರಂಜನ್ ದಾಸ್ ಹುಟ್ಟಿದ್ದು 1920ರ ಫೆಬ್ರವರಿ 22ರಂದು, ಹೆಸರಾಂತ ಬಂಗಾಳಿ ಮನೆತನದಲ್ಲಿ. ತಂದೆ ಸುಧಿ ರಂಜನ್ ದಾಸ್ 1956ರಿಂದ 1959ರವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಕಾನೂನು ಓದಿ ಕರಿಕೋಟು ಹಾಕಿಕೊಂಡಿದ್ದರೆ ಮಗನಿಗೆ ದಾರಿ ಸಲೀಸಾಗಿತ್ತು. ಆದರೆ ಅವರು ಎರಡನೇ ಮಹಾಯುದ್ಧದ ಕಾಲದಲ್ಲಿ ಯುದ್ಧವಿಮಾನದ ಪೈಲಟ್ ಆದರು. ಆಮೇಲೆ ಇಂಗ್ಲೆಂಡಿನ ಎಂಪೈರ್ ಟೆಸ್ಟ್ ಪೈಲಟ್ಸ್ ಶಾಲೆಯಲ್ಲಿ ತರಬೇತಿ ಪಡೆದರು. ಅಲ್ಲಿ ಕಲಿತ ಮೊದಮೊದಲ ಭಾರತೀಯರಲ್ಲಿ ಅವರೂ ಒಬ್ಬರು.

ಪರೀಕ್ಷಾ ಪೈಲಟ್ ಎಂದರೆ ಸಿನಿಮಾದಲ್ಲಿ ತೋರಿಸುವ ಹಾಗೆ ಪಲ್ಟಿ ಹೊಡೆಸುವ ಸಾಹಸಿ ಎಂದು ನಾವು ತಿಳಿಯುತ್ತೇವೆ. ಕೆಲಸ ನಿಜಕ್ಕೂ ಬೇರೆ. ಇಂದು ಇಷ್ಟೇ ವೇಗ, ನಾಳೆ ಇನ್ನೊಂದು ಚೂರು ಹೆಚ್ಚು ಎಂದು ಮೊದಲೇ ಬರೆದುಕೊಂಡು ಹೋಗಬೇಕು. ಹಿಡಿಕೋಲು ಎಷ್ಟು ಭಾರ ಎಳೆಯುತ್ತದೆ, ಪಟ್ಟಿ ಬಿಗಿದು ಕುಳಿತಾಗ ಎಲ್ಲ ಸ್ವಿಚ್ಚುಗಳೂ ಕೈಗೆ ಎಟುಕುತ್ತವೆಯೇ, ಎದುರು ಬಿಸಿಲು ಬಿದ್ದಾಗ ಎಚ್ಚರಿಕೆಯ ದೀಪ ಕಾಣಿಸುತ್ತದೆಯೇ, ವೇಗ ತಗ್ಗಿದಾಗ ವಿಮಾನ ಮುನ್ಸೂಚನೆ ಕೊಟ್ಟು ಬೀಳುತ್ತದೆಯೋ ಹೇಳದೆ ಬೀಳುತ್ತದೆಯೋ, ಇವೆಲ್ಲ ನೋಡಬೇಕು. ಇಳಿದ ಮೇಲೆ ಎಂಜಿನಿಯರುಗಳ ಮುಂದೆ ಕುಳಿತು ಒಂದೂ ಮುಚ್ಚಿಡದೆ ಹೇಳಬೇಕು. ತನಗೆ ಸಾಧ್ಯವಾಯಿತು ಎಂದರೆ ಸಾಲದು. ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ದಣಿದು, ಗಾಬರಿಯಲ್ಲಿರುವಾಗಲೂ ಇದನ್ನು ಹಾರಿಸಬಲ್ಲನೇ ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಇಂದು ಹ್ಯೂಮನ್ ಫ್ಯಾಕ್ಟರ್ಸ್ ಎಂಬ ಶಾಸ್ತ್ರವೇ ಇದೆ. ಅದು ಬೆಳೆದದ್ದೂ ಯುದ್ಧವಿಮಾನಗಳಿಂದಲೇ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳು ಕ್ಷೇಮವಾಗಿ ನೆಲ ಮುಟ್ಟಿದ ಮೇಲೂ ಚಕ್ರ ಮಡಚಿಕೊಂಡು ಹೊಟ್ಟೆಯ ಮೇಲೆ ಕೂರುತ್ತಿದ್ದವು. ಪೈಲಟ್ ತಪ್ಪು ಎಂದು ಬರೆದು ಕಡತ ಮುಚ್ಚುತ್ತಿದ್ದರು. ಆಲ್ಫಾನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಕಾಕ್‌ಪಿಟ್ಟಿಗೇ ಹೋಗಿ ನೋಡಿದಾಗ, ಚಕ್ರದ ಸ್ವಿಚ್ಚೂ ರೆಕ್ಕೆಯ ಫ್ಲ್ಯಾಪಿನ ಸ್ವಿಚ್ಚೂ ಒಂದೇ ರೂಪದಲ್ಲಿ ಅಕ್ಕಪಕ್ಕದಲ್ಲಿದ್ದವು. ಚಕ್ರದ್ದಕ್ಕೆ ಚಕ್ರದ ಆಕಾರದ ಹಿಡಿ, ಫ್ಲ್ಯಾಪಿನದ್ದಕ್ಕೆ ರೆಕ್ಕೆಯ ಆಕಾರದ ಹಿಡಿ ಹಾಕಿದರು. ಕಣ್ಣು ಬೇರೆಡೆ ಇದ್ದರೂ ಕೈಗೆ ಗೊತ್ತಾಗುವಂತಾಯಿತು. ತಪ್ಪು ಮನುಷ್ಯನದ್ದು ಎನ್ನುವ ಮೊದಲು ಯಂತ್ರವನ್ನು ವಿಚಾರಿಸು ಎಂಬುದು ಅಂದಿನಿಂದ ಬಂದ ಪಾಠ.

ಬೆಂಗಳೂರಿಗೆ ಈ ವಿಷಯ ಹೊಸದಾಗಿರಲಿಲ್ಲ. 1957ರ ಮೇ 29ರಂದೇ ವಾಯುಪಡೆ ಇಲ್ಲಿ ಸ್ಕೂಲ್ ಆಫ್ ಏವಿಯೇಷನ್ ಮೆಡಿಸಿನ್ ಆರಂಭಿಸಿತ್ತು. ಆಕಾಶದಲ್ಲಿ ಮನುಷ್ಯನ ರಕ್ತ, ಉಸಿರು, ಕಣ್ಣು, ಗಮನ ಹೇಗೆ ನಡೆದುಕೊಳ್ಳುತ್ತವೆ ಎಂದು ಅಲ್ಲಿ ವೈದ್ಯರು ಅಭ್ಯಾಸ ಮಾಡುತ್ತಾರೆ. ಇಂದಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಅದೇ. ಗಗನಯಾನಕ್ಕೆ ಪೈಲಟ್‌ಗಳನ್ನು ಪರೀಕ್ಷಿಸಿ ಆರಿಸಿದ್ದೂ ಅಲ್ಲೇ. ವೈದ್ಯರು ನೆಲದ ಮೇಲೆ ಕೇಳಿದ ಪ್ರಶ್ನೆಯನ್ನು ಆಕಾಶದಲ್ಲಿ ಕೇಳುವವನು ಪರೀಕ್ಷಾ ಪೈಲಟ್.

ದಾಸ್ ಅವರ ಹೆಸರು ಇತಿಹಾಸ ಸೇರಿದ್ದು ಹೆಚ್.ಎಫ್-24 ಮಾರುತ್‌ನಿಂದ. ಜರ್ಮನಿಯ ಪ್ರಸಿದ್ಧ ವಿನ್ಯಾಸಕಾರ ಕರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು, ನಮ್ಮ ಎಂಜಿನಿಯರುಗಳ ಜತೆ ಸೇರಿ ಮಾರುತ್ ವಿನ್ಯಾಸ ಮಾಡಿದರು. ಮೊದಲು ಮರದಲ್ಲಿ ಅದೇ ಅಳತೆಯ ಗ್ಲೈಡರ್ ಮಾಡಿ, 1959ರಿಂದ ಡಕೋಟಾ ವಿಮಾನಕ್ಕೆ ಕಟ್ಟಿ ಎಳೆದೊಯ್ದು ಬಿಡುತ್ತಿದ್ದರು. ಎಂಜಿನ್ ಇಲ್ಲದ ಆ ಮರದ ಹಕ್ಕಿ 78 ಬಾರಿ ಹಾರಿತು. ಲೋಹದ ವಿಮಾನ ಹಾರುವ ಮೊದಲೇ ಅದರ ಗುಣದೋಷ ತಿಳಿಯಲು ಇದೊಂದು ಒಳ್ಳೆಯ ಉಪಾಯ.

1961ರ ಜೂನ್ 17ರಂದು ವಿಂಗ್ ಕಮಾಂಡರ್ ದಾಸ್ ಮಾರುತ್‌ನ ಮೊದಲ ಮಾದರಿಯನ್ನು ಬೆಂಗಳೂರಿನ ಆಕಾಶಕ್ಕೆ ಏರಿಸಿದರು. ಒಂದು ವಾರದ ನಂತರ ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೆದುರು ಹಾರಿಸಿ ತೋರಿಸಿದರು. ಮುಂದೆ ಹೆಚ್.ಎ.ಎಲ್.ನ ತರಬೇತಿ ಜೆಟ್ ಕಿರಣ್ ಸಿದ್ಧವಾದಾಗ, 1964ರ ಸೆಪ್ಟೆಂಬರ್ 4ರಂದು ಅದನ್ನು ಮೊದಲು ಹಾರಿಸಿದವರೂ ಅವರೇ. ಕಿರಣ್‌ನಲ್ಲಿ ಗುರು, ಶಿಷ್ಯ ಅಕ್ಕಪಕ್ಕ ಕೂರುತ್ತಾರೆ. ಹುಡುಗನ ಕೈ ಎಲ್ಲಿ ಹೋಗುತ್ತಿದೆ ಎಂದು ಗುರುವಿಗೆ ಕಾಣುತ್ತದೆ. ಕಲಿಯುವವನು ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪನ್ನು ತಾಳಿಕೊಳ್ಳುವ ವಿಮಾನ ಬೇಕು. ಏರ್ ಶೋಗಳಲ್ಲಿ 1996ರಿಂದ 2011ರ ತನಕ ಸೂರ್ಯಕಿರಣ್ ತಂಡ ಹಾರಿಸುತ್ತಿದ್ದದ್ದು ಇದೇ ಕಿರಣ್ ಎಂದರೆ ನಮ್ಮವರಿಗೆ ಬೇಗ ನೆನಪಾದೀತು.

ಮಾರುತ್‌ಗೆ ಮಾತ್ರ ಒಂದು ಕೊರಗು ಕೊನೆಯವರೆಗೂ ಉಳಿಯಿತು. ಅದರ ಮೈಗೆ ತಕ್ಕ ಎಂಜಿನ್ ಸಿಗಲಿಲ್ಲ. ಶಬ್ದಕ್ಕಿಂತ ವೇಗವಾಗಿ ಹಾರಲೆಂದು ಮಾಡಿದ ವಿಮಾನಕ್ಕೆ ಸಿಕ್ಕಿದ್ದು ಅಷ್ಟು ಬಲವಿಲ್ಲದ ಆರ್ಫಿಯಸ್ ಎಂಜಿನ್. ಅದಕ್ಕೆ ಹೆಚ್ಚುವರಿ ಇಂಧನ ಉರಿಸಿ ಬಲ ಕೂಡಿಸುವ ಪ್ರಯತ್ನ ಬೆಂಗಳೂರಿನಲ್ಲೇ ನಡೆಯಿತು. ಅಂಥ ಎಂಜಿನ್ ಇದ್ದ ಮಾದರಿಯ ಪರೀಕ್ಷೆಯಲ್ಲಿ, 1970ರ ಜನವರಿ 10ರಂದು ಬೆಂಗಳೂರಿನಲ್ಲಿ ವಿಮಾನ ಅಪಘಾತಕ್ಕೀಡಾಗಿ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ತೀರಿಕೊಂಡರು. ಐವತ್ತು ತುಂಬಲು ಒಂದೂವರೆ ತಿಂಗಳೂ ಇರಲಿಲ್ಲ.

ಅವರ ಶ್ರಮ ವ್ಯರ್ಥವಾಗಲಿಲ್ಲ. ಅದೇ ವರ್ಷ ಏಪ್ರಿಲಿನಲ್ಲಿ ಎರಡು ಸೀಟಿನ ತರಬೇತಿ ಮಾರುತ್ ಹಾರಿತು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಮಾರುತ್‌ಗಳು ದುಡಿದವು. ಕೆಳಗಿನಿಂದ ಗುಂಡು ತಗುಲಿ ಒಂದು ಎಂಜಿನ್ ಕೆಟ್ಟರೂ ಇನ್ನೊಂದರಲ್ಲೇ ಪೈಲಟ್ ಮನೆ ಸೇರಿದ ಪ್ರಸಂಗ ಮೂರಕ್ಕೆ ಕಡಿಮೆ ಇಲ್ಲ. ಒಟ್ಟು 147 ಮಾರುತ್‌ಗಳು ತಯಾರಾದವು. 1990ರಲ್ಲಿ ಅವು ಸೇವೆಯಿಂದ ನಿವೃತ್ತವಾದವು.

ವಾಯುಪಡೆಯ ಈ ಕಥೆ ನಮಗೇಕೆ ಎಂದು ಕೇಳಬಹುದು. ತಳಿ ರಸ್ತೆಯ ಬೆಳಗೊಂಡಪಳ್ಳಿಯಲ್ಲಿ ನಮ್ಮದೇ ವಿಮಾನಪಟ್ಟಿ ಇದೆ ಎಂಬುದಷ್ಟೇ ಕಾರಣವಲ್ಲ. ಹೊಸೂರು ಸಿಪ್ಕಾಟ್‌ಗೆ ಬಾಗಲೂರು, ಶೂಲಗಿರಿ, ಡೆಂಕಣಿಕೋಟೆ ಕಡೆಯಿಂದ ದಿನವೂ ಶಿಫ್ಟಿಗೆ ಹೋಗುವ ಹುಡುಗರಿದ್ದಾರೆ. ಪವರ್ ಪ್ರೆಸ್ಸಿನಲ್ಲಿ ಯಾರದಾದರೂ ಬೆರಳು ಹೋದರೆ ಮೊದಲು ಬರುವ ಮಾತು, ಅವನಿಗೆ ಗಮನ ಇರಲಿಲ್ಲ ಎಂಬುದು. ಎರಡೂ ಕೈಯಲ್ಲಿ ಒಂದೊಂದು ಗುಂಡಿ ಒತ್ತಿದರೆ ಮಾತ್ರ ಇಳಿಯುವ ಪ್ರೆಸ್ ಆಗಿದ್ದರೆ ಕೈ ಒಳಗಿರಲು ಸಾಧ್ಯವೇ ಇರಲಿಲ್ಲ. ರಾತ್ರಿ ಪಾಳಿಯ ಕೊನೆಯ ಗಂಟೆಯಲ್ಲಿ ಯಾರ ಗಮನವೂ ಜಾರುತ್ತದೆ. ಜಾರಿದಾಗ ಕಾಯುವುದು ಯಂತ್ರದ ಧರ್ಮ. ಚಪಾನಿಸ್ ಕಂಡದ್ದೂ ಇದನ್ನೇ, ದಾಸ್ ಅವರಂಥ ಪೈಲಟ್‌ಗಳು ಆಕಾಶದಲ್ಲಿ ಪರೀಕ್ಷಿಸುವುದೂ ಇದನ್ನೇ.

ಬೆಂಗಳೂರಿನ ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಆವರಣದಲ್ಲೂ, ಹೆಚ್.ಎ.ಎಲ್.ನ ವಸ್ತುಸಂಗ್ರಹಾಲಯದಲ್ಲೂ ಮಾರುತ್ ನಿಂತಿದೆ. ಶಾಲೆಯ ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರುಗಳು ಅಲ್ಲಿ ಐದು ನಿಮಿಷ ನಿಲ್ಲಿಸಿ, ಇದನ್ನು ಮೊಟ್ಟಮೊದಲು ಹಾರಿಸಿದವರ ಹೆಸರು ಮಕ್ಕಳಿಗೆ ಹೇಳಲಿ.