ಜಾವಾದ ಕಾರ್ತಿನಿ

ಇಂಡೊನೇಷ್ಯದ ಜಾವಾ ದ್ವೀಪದ ಉತ್ತರ ಕರಾವಳಿಯಲ್ಲಿ ಜೆಪಾರಾ ಎಂಬ ಪಟ್ಟಣವಿದೆ. ಆ ಸೀಮೆಯ ಮಾಯೊಂಗ್ ಎಂಬ ಊರಿನಲ್ಲಿ 1879ರ ಏಪ್ರಿಲ್ 21ರಂದು ಕಾರ್ತಿನಿ ಜನಿಸಿದಳು. ಆಗ ಜಾವಾ ಡಚ್ಚರ ಅಧೀನದಲ್ಲಿತ್ತು. ಅವಳ ತಂದೆ ಸೋಸ್ರೋನಿಂಗ್ರಾತ್ ಮುಂದೆ ಜೆಪಾರಾದ ಆಡಳಿತಾಧಿಕಾರಿಯಾದನು. ಕುಲೀನರ ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ ಅವನು ಮಗಳನ್ನು ಡಚ್ ಶಾಲೆಗೆ ಕಳುಹಿಸಿದನು. ಆದರೆ ಅವಳಿಗೆ ಹನ್ನೆರಡು ವರ್ಷ ತುಂಬಿದೊಡನೆ ಕುಲಾಚಾರ ಅಡ್ಡಬಂದಿತು. ಮದುವೆಯಾಗುವವರೆಗೆ ಹುಡುಗಿಯು ಮನೆಯ ಪ್ರಾಕಾರವನ್ನು ದಾಟುವಂತಿರಲಿಲ್ಲ. ಅಷ್ಟು ಉದಾರಿಯಾದ ತಂದೆಗೂ ಈ ಕಟ್ಟಳೆಯನ್ನು ಮುರಿಯುವ ಧೈರ್ಯ ಬರಲಿಲ್ಲ.

ಆ ಗೋಡೆಗಳೊಳಗೆ ಅವಳಿಗೆ ಒದಗಿದುವು ಪುಸ್ತಕಗಳು ಮತ್ತು ಬಾತಿಕ್. ಬಟ್ಟೆಯ ಮೇಲೆ ಮೇಣದಿಂದ ಚಿತ್ತಾರ ಬರೆದು ಬಣ್ಣವೇರಿಸುವ ಕಲೆಯೇ ಬಾತಿಕ್. ಇದರ ಲೇಖನಿಗೆ ಚಾಂತಿಂಗ್ ಎಂದು ಹೆಸರು. ತಾಮ್ರದ ಪುಟ್ಟ ಬಟ್ಟಲು, ಅದಕ್ಕೊಂದು ಸಣ್ಣ ಕೊಳವೆ, ಹಿಡಿಯಲು ಒಂದು ಕಾವು. ಇಷ್ಟೇ ಅದರ ರೂಪ. ಬಟ್ಟಲಿನಲ್ಲಿ ಕರಗಿದ ಮೇಣವನ್ನು ತುಂಬಿಕೊಂಡು ಗೆರೆ ಎಳೆಯಬೇಕು. ಮೇಣ ಆರಿದರೆ ಬಟ್ಟೆಯೊಳಕ್ಕೆ ಇಳಿಯದು. ಅತಿಯಾಗಿ ಕಾದರೆ ಹರಡಿ ಗೆರೆಯನ್ನು ಕೆಡಿಸುವುದು. ಬಟ್ಟೆಯ ಹಿಂಬದಿಯಲ್ಲಿಯೂ ಅದೇ ಗೆರೆಗಳ ಮೇಲೆ ಮತ್ತೆ ಕೈಯಾಡಿಸಬೇಕು. ಬಳಿಕ ಬಟ್ಟೆಯನ್ನು ನೀಲಿಯ ತೊಟ್ಟಿಯಲ್ಲಿ ಹಲವು ಬಾರಿ ಅದ್ದುವರು. ಮೇಣವಿದ್ದ ಕಡೆ ಬಣ್ಣ ತಾಗದು. ಕಂದು ಬಣ್ಣ ಬೇಕಾದಲ್ಲಿ ಮೇಣವನ್ನು ಹೆರೆದು, ನೀಲಿ ಉಳಿಯಬೇಕಾದಲ್ಲಿ ಹೊಸದಾಗಿ ಮೇಣ ಹಚ್ಚಿ, ಮರದ ತೊಗಟೆಯಿಂದ ತೆಗೆದ ಸೋಗ ಎಂಬ ಬಣ್ಣದಲ್ಲಿ ಅದ್ದುವರು. ಕೊನೆಗೆ ಕುದಿನೀರಿನಲ್ಲಿ ಮೇಣವೆಲ್ಲ ಕರಗಿಹೋದಾಗಲೇ ಚಿತ್ತಾರವು ಪೂರ್ಣವಾಗಿ ಕಾಣುವುದು. ಒಂದು ಬಟ್ಟೆಗೆ ತಿಂಗಳುಗಳೇ ಹಿಡಿಯುವುದುಂಟು.

ಕೈಯಿಂದ ಕೈಗೆ ಬಂದ ಈ ವಿದ್ಯೆಯನ್ನು ಕಾರ್ತಿನಿ ಕಲಿತುದಷ್ಟೇ ಅಲ್ಲ, ಡಚ್ ಭಾಷೆಯಲ್ಲಿ ಬರೆದಿಟ್ಟಳು. 1898ರಲ್ಲಿ ಹೇಗ್ ನಗರದಲ್ಲಿ ಸ್ತ್ರೀಯರ ಕೆಲಸಗಳ ಪ್ರದರ್ಶನವೊಂದು ನಡೆಯಿತು. ಜೆಪಾರಾದ ಸೋದರಿಯರ ಬಾತಿಕ್‌ಗಳೊಡನೆ ಆ ಬರಹವೂ ಅಲ್ಲಿಗೆ ಹೋಯಿತು. ಬಾಗಿಲು ದಾಟಲಾರದೆ ವರ್ಷಗಳನ್ನು ಕಳೆದವಳ ಕೈಬರಹ ಕಡಲನ್ನು ದಾಟಿತ್ತು! ಮುಂದೆ ರೌಫಾರ್ ಮತ್ತು ಯುಯಿನ್‌ಬೋಲ್ ಎಂಬ ವಿದ್ವಾಂಸರು ಬಾತಿಕ್ ಕುರಿತ ತಮ್ಮ ಮಹಾಗ್ರಂಥದಲ್ಲಿ ಅದನ್ನು ಬಳಸಿಕೊಂಡರು.

ತಾನೂ ಕಡಲು ದಾಟಿ ಹಾಲೆಂಡಿನಲ್ಲಿ ಓದಬೇಕೆಂಬುದು ಅವಳ ಹಂಬಲವಾಗಿತ್ತು. ಹಿತೈಷಿಗಳೇ ಬೇಡವೆಂದಾಗ ಅದನ್ನು ಬಿಟ್ಟು, ಬಟಾವಿಯಾದಲ್ಲಿ ಓದಲು ಸರ್ಕಾರದ ನೆರವನ್ನು ಕೋರಿದಳು. ಮಂಜೂರಾತಿ ದೊರೆಯುವ ವೇಳೆಗೆ ರೆಂಬಾಂಗ್‌ನ ಆಡಳಿತಾಧಿಕಾರಿಯೊಡನೆ ಅವಳ ಮದುವೆ ನಿಶ್ಚಯವಾಗಿತ್ತು. ಬಹುಪತ್ನೀತ್ವವನ್ನು ಕಟುವಾಗಿ ಖಂಡಿಸುತ್ತಿದ್ದ ಅವಳು ಹಲವು ಪತ್ನಿಯರಿದ್ದ ಮನೆಯನ್ನೇ ಸೇರಬೇಕಾಯಿತು. ಆದರೂ 1903ರಲ್ಲಿ, ಮದುವೆಗೆ ಮೊದಲೇ, ಜೆಪಾರಾದ ಮನೆಯಲ್ಲಿ ಹುಡುಗಿಯರಿಗಾಗಿ ಒಂದು ಪುಟ್ಟ ಶಾಲೆಯನ್ನು ತೆರೆದಿದ್ದಳು. ರೆಂಬಾಂಗ್‌ನಲ್ಲಿಯೂ ಪಾಠ ಹೇಳುವುದನ್ನು ಬಿಡಲಿಲ್ಲ.

1904ರ ಸೆಪ್ಟೆಂಬರ್ 13ರಂದು ಅವಳಿಗೆ ಗಂಡು ಮಗು ಹುಟ್ಟಿತು. ನಾಲ್ಕು ದಿನಗಳ ತರುವಾಯ ಅವಳು ತೀರಿಕೊಂಡಳು. ಆಗ ಅವಳ ವಯಸ್ಸು ಇಪ್ಪತ್ತೈದು. 1911ರಲ್ಲಿ ಅವಳ ಪತ್ರಗಳು ಪುಸ್ತಕವಾಗಿ ಹೊರಬಂದವು. ಅನಂತರ ಅವಳ ಹೆಸರಿನಲ್ಲಿ ಜಾವಾದ ಊರೂರುಗಳಲ್ಲಿ ಹೆಣ್ಣುಮಕ್ಕಳ ಶಾಲೆಗಳು ತೆರೆದವು. ಅವಳ ಜನ್ಮದಿನದಂದು ಇಂಡೊನೇಷ್ಯದ ಹುಡುಗಿಯರು ಬಾತಿಕ್ ಮೊದಲಾದ ತಮ್ಮ ನಾಡಿನ ಉಡುಪುಗಳನ್ನು ಉಟ್ಟು ಶಾಲೆಗೆ ಹೋಗುತ್ತಾರೆ.