ಗುರುಗಳನ್ನು ಒಪ್ಪದ ಶಿಷ್ಯೆ: ಇರಾವತಿ ಕರ್ವೆ

ಬರ್ಮಾ ದೇಶದ ದೊಡ್ಡ ನದಿ ಐರಾವತಿ. ಅದರ ದಡದ ಮಿಂಗ್ಯಾನ್ ಊರಿನಲ್ಲಿ 1905ರ ಡಿಸೆಂಬರ್ 15ರಂದು ಹುಟ್ಟಿದ ಮಗಳಿಗೆ, ಹತ್ತಿ ಕಂಪನಿಯ ಎಂಜಿನಿಯರರಾಗಿದ್ದ ಗಣೇಶ ಹರಿ ಕರ್ಮರ್ಕರರು ಆ ನದಿಯ ಹೆಸರನ್ನೇ ಇಟ್ಟರು. ಏಳನೆಯ ವಯಸ್ಸಿಗೆ ಹುಡುಗಿ ಓದಿಗಾಗಿ ಪುಣೆಗೆ ಬಂದಳು. ಅಲ್ಲಿ ರ್‍ಯಾಂಗ್ಲರ್ ಪರಾಂಜಪೆಯವರ ಮನೆ ಅವಳಿಗೆ ಎರಡನೆಯ ತವರಾಯಿತು. ಫರ್ಗ್ಯುಸನ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಓದಿ, ಮುಂಬಯಿಯಲ್ಲಿ ಜಿ. ಎಸ್. ಘುರ್ಯೆಯವರ ಬಳಿ ಸಮಾಜಶಾಸ್ತ್ರ ಕಲಿತು 1928ರಲ್ಲಿ ಎಂ.ಎ. ಪದವಿ ಪಡೆದರು. ಮೈಸೂರಿನ ಎಂ. ಎನ್. ಶ್ರೀನಿವಾಸರೂ ಮುಂದೆ ಇದೇ ಗುರುವಿನ ಶಿಷ್ಯರಾದರು.

ಕೈಹಿಡಿದವರು ರಸಾಯನಶಾಸ್ತ್ರದ ಅಧ್ಯಾಪಕ ದಿನಕರ ಕರ್ವೆ. ಸ್ತ್ರೀಶಿಕ್ಷಣಕ್ಕೆ ಬದುಕನ್ನೇ ಸವೆಸಿದ ಮಹರ್ಷಿ ಧೋಂಡೋ ಕೇಶವ ಕರ್ವೆಯವರು ಮಾವ. ಸೊಸೆ ಹೆಚ್ಚಿನ ಓದಿಗೆ ಜರ್ಮನಿಗೆ ಹೋಗುವುದು ಆ ಮಹರ್ಷಿಗೇ ಒಪ್ಪಿಗೆಯಾಗಲಿಲ್ಲವೆಂಬುದು ವಿಚಿತ್ರವಾದರೂ ನಿಜ. ಗಂಡ ಬೆಂಬಲಕ್ಕೆ ನಿಂತರು, ಸಾಲ ಮಾಡಿ ಹಡಗು ಹತ್ತಿದ್ದಾಯಿತು.

ಬರ್ಲಿನ್ನಿನ ಕೈಸರ್ ವಿಲ್ಹೆಲ್ಮ್ ಸಂಸ್ಥೆಯಲ್ಲಿ ಅವರ ಮಾರ್ಗದರ್ಶಕರು ಯೂಜೆನ್ ಫಿಷರ್. ಐರೋಪ್ಯರು ಹೆಚ್ಚು ತರ್ಕಬುದ್ಧಿಯವರು, ಆದ್ದರಿಂದ ಅವರ ತಲೆಬುರುಡೆಯ ಎಡಬಲಗಳು ಸಮವಾಗಿರುವುದಿಲ್ಲ, ಉಳಿದ ಜನಾಂಗಗಳಲ್ಲಿ ಈ ವ್ಯತ್ಯಾಸ ಕಾಣದು ಎಂಬುದು ಫಿಷರರ ಊಹೆ. ಅದನ್ನು ಪ್ರಮಾಣೀಕರಿಸುವ ಕೆಲಸ ಭಾರತದಿಂದ ಬಂದ ಈ ವಿದ್ಯಾರ್ಥಿನಿಯ ಪಾಲಿಗೆ ಬಂತು. ಐರೋಪ್ಯರ ಮತ್ತು ಆಫ್ರಿಕದವರ ಬುರುಡೆಗಳನ್ನು ಅವರು ಒಂದೊಂದಾಗಿ ಅಳೆದರು. ಬುರುಡೆಯ ಓರೆಕೋರೆಗೂ ಜನಾಂಗಕ್ಕೂ ಯಾವ ಸಂಬಂಧವೂ ಸಿಗಲಿಲ್ಲ; ಸಿಗಲಿಲ್ಲವೆಂದೇ ಬರೆದರು. ಪರದೇಶ, ತಲೆಯ ಮೇಲೆ ಸಾಲ, ಪದವಿ ಕೊಡಬೇಕಾದವರ ನಂಬಿಕೆಗೇ ವಿರುದ್ಧವಾದ ಫಲಿತಾಂಶ! ಪದವಿಯೇನೋ ಬಂತು, ಆದರೆ ಶ್ರೇಣಿ ಕೆಳಗಿನದು. ಕೆಲವೇ ವರ್ಷಗಳಲ್ಲಿ ಆ ಸಂಸ್ಥೆ ನಾಜಿಗಳ ಜನಾಂಗನೀತಿಗೆ ಶಾಸ್ತ್ರದ ಮುದ್ರೆ ಒತ್ತುವ ಜಾಗವಾಯಿತು. ಅಳತೆಯಲ್ಲಿ ಕಂಡದ್ದನ್ನು ಹಾಗೆಯೇ ಬರೆಯುವುದು ಎಷ್ಟು ದೊಡ್ಡ ಮಾತೆಂಬುದು ಆಗ ತಿಳಿಯುತ್ತದೆ.

ಊರಿಗೆ ಮರಳಿ ಕೆಲಕಾಲ ಮಹಿಳಾ ವಿಶ್ವವಿದ್ಯಾಲಯದ ಕುಲಸಚಿವೆಯಾಗಿದ್ದು, 1939ರಲ್ಲಿ ಪುಣೆಯ ಡೆಕ್ಕನ್ ಕಾಲೇಜನ್ನು ಸೇರಿದರು. ಮಾನವಶಾಸ್ತ್ರಕ್ಕೆ ದೇಹವನ್ನು ನೋಡುವ ಶಾಖೆಯುಂಟು, ನೆಲ ಅಗೆದು ಹಳಬರನ್ನು ಹುಡುಕುವ ಶಾಖೆಯುಂಟು, ಭಾಷೆಯದೊಂದು, ಬದುಕಿನ ಕಟ್ಟುಕಟ್ಟಳೆಗಳದೊಂದು. ಇಂದು ಒಬ್ಬೊಬ್ಬರು ಒಂದೊಂದನ್ನು ಹಿಡಿದು ಕೂರುತ್ತಾರೆ. ಇರಾವತಿಬಾಯಿಯವರಿಗೆ ಆ ಬೇಲಿಗಳಿರಲಿಲ್ಲ. ಎಚ್. ಡಿ. ಸಾಂಕಳಿಯಾ ಅವರೊಡನೆ ಗುಜರಾತಿನ ಲಂಘನಾಜದಲ್ಲಿ ಶಿಲಾಯುಗದ ಅಸ್ಥಿಪಂಜರಗಳನ್ನು ಹೊರತೆಗೆದ ಕೈಯೇ ಬಂಧುವಾಚಕ ಪದಗಳನ್ನು ಸಂಗ್ರಹಿಸಿತು.

ಆ ಸಂಗ್ರಹದಿಂದ ಹುಟ್ಟಿದ್ದು 1953ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಭಾರತದ ಬಂಧುತ್ವ ವ್ಯವಸ್ಥೆಯ ಗ್ರಂಥ. ಕನ್ನಡ ವಿದ್ಯಾರ್ಥಿಗಳು ಅವಶ್ಯ ನೋಡಬೇಕಾದದ್ದು ಇದು. ಕನ್ನಡದಲ್ಲಿ ತಾಯಿಯ ಅಣ್ಣತಮ್ಮಂದಿರೂ ಮಾವ, ಗಂಡನ ತಂದೆಯೂ ಮಾವ. ತಂದೆಯ ಅಕ್ಕತಂಗಿಯರೂ ಅತ್ತೆ, ಗಂಡನ ತಾಯಿಯೂ ಅತ್ತೆ. ಗಂಡಸಿಗೆ ಅಕ್ಕನ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ಮರಾಠಿಯಲ್ಲಿ ಮಾಮಾ ಬೇರೆ, ಸಾಸರಾ ಬೇರೆ. ಆತ್ಯಾ ಬೇರೆ, ಸಾಸೂ ಬೇರೆ. ಭಾಚಾ ಬೇರೆ, ಜಾವಯಿ ಬೇರೆ. ಇದು ಶಬ್ದಕೋಶದ ಚಮತ್ಕಾರವಲ್ಲ. ದಕ್ಷಿಣದಲ್ಲಿ ಸೋದರಿಕೆಯ ಮದುವೆ ವಾಡಿಕೆಯಾದ್ದರಿಂದ ಹೆಣ್ಣು ಬಲ್ಲವರ ಮನೆಗೇ ಸೊಸೆಯಾಗಿ ಹೋಗುತ್ತಾಳೆ. ಉತ್ತರದಲ್ಲಿ ಅಪರಿಚಿತರ ಊರಿಗೆ ಹೋಗುತ್ತಾಳೆ. ಮಹಾರಾಷ್ಟ್ರ ಇವೆರಡರ ನಡುವಿನ ಹೊಸ್ತಿಲು: ಅನೇಕ ಜಾತಿಗಳಲ್ಲಿ ಸೋದರಮಾವನ ಮಗಳನ್ನು ತರಬಹುದು, ಸೋದರತ್ತೆಯ ಮಗಳನ್ನು ತರುವಂತಿಲ್ಲ. ಎರಡೂ ಪದಸಮೂಹಗಳು ಒಂದೇ ಪಡಸಾಲೆಯಲ್ಲಿ ಕೇಳಿಬರುವ ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಮನೆಗಳಲ್ಲಿ ಈ ಗ್ರಂಥದ ಸಾಕ್ಷ್ಯ ದಿನವೂ ಸಿಗುತ್ತದೆ.

ಜಾತಿಯ ವಿಷಯದಲ್ಲಿ ಅವರು ತಮ್ಮ ಮೊದಲ ಗುರುವನ್ನೂ ಒಪ್ಪಲಿಲ್ಲ. ಒಂದು ದೊಡ್ಡ ಜಾತಿ ಒಡೆದು ಉಪಜಾತಿಗಳಾದವೆಂದು ಘುರ್ಯೆಯವರ ಮತ. ಬೇರೆಬೇರೆ ಮೂಲದ ಗುಂಪುಗಳು ಒಂದೇ ಕಸುಬಿನ ಹೆಸರಿನಡಿ ಪಕ್ಕಪಕ್ಕದಲ್ಲಿ ನೆಲೆಸಿದವೆಂದು ಇರಾವತಿಬಾಯಿಯವರ ವಾದ. ಇದಕ್ಕಾಗಿ ಅವರು ವರ್ಷಗಟ್ಟಲೆ ಜನರ ತಲೆ, ಮೂಗುಗಳನ್ನು ಅಳೆದರು. ಬರ್ಲಿನ್ನಿನಲ್ಲಿ ಕಲಿತ ತೀರ್ಮಾನವನ್ನು ತಳ್ಳಿದವರು ಅಲ್ಲಿನ ಅಳತೆಕೋಲನ್ನು ಮಾತ್ರ ಕೈಬಿಡಲಿಲ್ಲ. ಇಂದಿನ ವಿದ್ವಾಂಸರು ಇದನ್ನು ಆಕ್ಷೇಪಿಸುತ್ತಾರೆ, ಆಕ್ಷೇಪ ನ್ಯಾಯವಾದದ್ದೇ.

ಅಳತೆಕೋಲಿಲ್ಲದೆ ಹೊರಟಾಗ ಅವರ ಕಣ್ಣು ಇನ್ನೂ ಹರಿತ. ಪಂಢರಪುರದ ವಾರಿಯಲ್ಲಿ ದಿಂಡಿಯೊಡನೆ ಸ್ವತಃ ನಡೆದರು. ಯಾವ ನಾಡಿನ ಜನ ಪಂಢರಪುರಕ್ಕೆ ಹೋಗುತ್ತಾರೋ ಅದೇ ಮಹಾರಾಷ್ಟ್ರವೆಂಬ ಹೊಸ ವ್ಯಾಖ್ಯೆ ಅವರಿಗೆ ಅಲ್ಲಿ ಹೊಳೆಯಿತು. (ಕನ್ನಡ ನಾಡಿನಿಂದಲೂ ವಾರಕರಿಗಳು ಹೋಗುತ್ತಾರೆ, ಪುರಂದರದಾಸರ ಅಂಕಿತವೂ ವಿಠಲನದೇ, ಈ ವ್ಯಾಖ್ಯೆಯ ಗಡಿ ತುಸು ಸಡಿಲವೆನ್ನಬೇಕು.) ಆದರೆ ದಾರಿಯುದ್ದಕ್ಕೂ ಒಂದೇ ಅಭಂಗ ಹಾಡುವವರು ಊಟದ ಹೊತ್ತಿಗೆ ಬ್ರಾಹ್ಮಣರು, ಮರಾಠರು ಎಂದು ಬೇರೆಬೇರೆ ಪಂಕ್ತಿಗೆ ಸರಿಯುವುದು ಅವರನ್ನು ನೋಯಿಸಿತು. ಆ ನೋವನ್ನು ಮರಾಠಿ ಪ್ರಬಂಧದಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಮಹಾಭಾರತದ ಪಾತ್ರಗಳನ್ನು ದೇವತ್ವದಿಂದ ಇಳಿಸಿ ಮನುಷ್ಯರನ್ನಾಗಿ ಕಂಡ 'ಯುಗಾಂತ'ಕ್ಕೆ 1968ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಈ ಶಾಸ್ತ್ರ ಕಲಿತವರಿಗೆ ಇಂದು ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ, ಬುಡಕಟ್ಟು ಸಂಶೋಧನಾ ಸಂಸ್ಥೆಗಳಲ್ಲಿ, ಪುನರ್ವಸತಿ ಯೋಜನೆಗಳಲ್ಲಿ ಕೆಲಸವುಂಟು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕಲಿಯಲು ವಿಭಾಗವೂ ಉಂಟು. ಪುನರ್ವಸತಿಯ ಕೆಲಸವನ್ನು ಅವರೇ ಮಾಡಿ ತೋರಿಸಿದ್ದರು. ಕೊಯ್ನಾ ಅಣೆಕಟ್ಟಿನಿಂದ ಮನೆಮಠ ಕಳೆದುಕೊಂಡವರ ಸ್ಥಿತಿಗತಿಗಳ ಸಮೀಕ್ಷೆಯನ್ನು ಮಗಳು ಜಾಯಿ ನಿಂಬಕರರೊಡನೆ ಸಿದ್ಧಪಡಿಸಿದರು. ಅದು ಪ್ರಕಟವಾದದ್ದು 1969ರಲ್ಲಿ. ಮರುವರ್ಷ ಆಗಸ್ಟ್ 11ರಂದು ಅವರು ತೀರಿಕೊಂಡರು.